ಗುರಿ 4: ಸಾಧಿಸಲಾಗಿದೆ

ಒಬ್ಬ ಹುಡುಗನಿಗೆ ಜಿಪ್ ಹಾಕಿಕೊಳ್ಳುವುದನ್ನು ಕಲಿಸಲು ನನಗೆ ಎಂಟು ತಿಂಗಳು ಹಿಡಿಯಿತು. ಅವನಿಗೆ ಹನ್ನೊಂದು ವರ್ಷ, ಆಟಿಸಂ ಇದೆ, ಮಾತಿಲ್ಲ. ಜಿಪ್ ಎಳೆಯುವುದು ನಮಗೆ ಒಂದೇ ಕೆಲಸ, ಅವನಿಗೆ ಏಳು. ಎರಡು ಅಂಚುಗಳನ್ನು ಹತ್ತಿರ ತರಬೇಕು, ಒಂದರ ತುದಿಯನ್ನು ಇನ್ನೊಂದರ ತೂತಿಗೆ ಇಳಿಸಬೇಕು, ಇಳಿಸಿದ್ದನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು ಇನ್ನೊಂದು ಕೈಯಲ್ಲಿ ಎಳೆಯಬೇಕು. ನಾವು ವಿಶೇಷ ಶಿಕ್ಷಕರು ಇದನ್ನು ಹಿಂದುಮುಂದಾಗಿ ಕಲಿಸುತ್ತೇವೆ. ಮೊದಲ ಆರು ಹೆಜ್ಜೆಗಳನ್ನು ನಾನೇ ಮಾಡಿ, ಕೊನೆಯ ಎರಡು ಅಂಗುಲವನ್ನು ಮಾತ್ರ ಅವನಿಗೆ ಬಿಡುತ್ತೇನೆ. ಹೀಗೆ ಮಾಡಿದರೆ ಮೊದಲ ದಿನದಿಂದಲೇ ಕೆಲಸ ಮುಗಿಸಿದವನು ಅವನೇ ಆಗುತ್ತಾನೆ. ಅದು ಕೈಗೆ ಹತ್ತಿದ ಮೇಲೆ ಆರನೆಯ ಹೆಜ್ಜೆ, ಆಮೇಲೆ ಐದನೆಯದು.

ಒಂದು ದಿನ ಏಳೂ ಹೆಜ್ಜೆಗಳನ್ನು ಅವನೊಬ್ಬನೇ ಮಾಡಿದ. ಮಾಡಿ, ತಲೆಯೆತ್ತಿ ನನ್ನ ಮುಖ ನೋಡಿದ. ಯಾರ ಮುಖವನ್ನೂ ತಾನಾಗಿ ನೋಡದ ಮಗು ಹಾಗೆ ನೋಡಿದರೆ ಅದರ ಬೆಲೆಯೇನೆಂದು ಈ ಕೆಲಸದಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತರಗತಿಯ ಸಹಾಯಕಿ ಚಪ್ಪಾಳೆ ತಟ್ಟಿದರು, ಆಮೇಲೆ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ನಾನು "ಭೇಷ್" ಎಂದೆ. ಫೈಲ್ ತೆರೆದು "ಗುರಿ 4: ಸಾಧಿಸಲಾಗಿದೆ" ಎಂದು ಬರೆದು ತಾರೀಕು ಹಾಕಿದೆ. ಒಳಗೆ ಏನೂ ಆಗಲಿಲ್ಲ. ಬಂದದ್ದು ಒಂದೇ ಯೋಚನೆ: ಈ ಗುರಿ ಮುಗಿದರೆ ಇದರ ಜಾಗಕ್ಕೆ ಹೊಸದನ್ನು ಬರೆಯಬೇಕು, ಅದಕ್ಕೆ ಒಂದು ಸಂಜೆ ಬೇಕು, ನನ್ನ ಬಳಿ ಸಂಜೆಗಳೇ ಇಲ್ಲ.

ಏನೋ ಕೆಟ್ಟಿದೆ ಎಂದು ನನಗೆ ಗೊತ್ತಾದದ್ದು ಅವತ್ತು. ಕೆಡಲು ಶುರುವಾಗಿ ಬಹಳ ಕಾಲವಾಗಿತ್ತು ಎಂಬುದು ಗೊತ್ತಾದದ್ದು ಇನ್ನೂ ತಡವಾಗಿ.

ಕೆಲಸಕ್ಕೆ ಸೇರಿ ಆಗ 13ನೆಯ ವರ್ಷ ನಡೆಯುತ್ತಿತ್ತು. ತರಗತಿಯಲ್ಲಿ ಒಂಬತ್ತು ಮಕ್ಕಳು. ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ, ಜೊತೆಗೆ ಯಾವ ಹೆಸರಿನೊಳಗೂ ಪೂರ್ತಿ ಕೂರದ ಇಬ್ಬರು. ಸಹಾಯಕಿ ಒಬ್ಬರೇ. ಪ್ರತಿ ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆ ಇರುತ್ತದೆ, ನಾವು ಐಇಪಿ ಎನ್ನುತ್ತೇವೆ. ಒಂದೊಂದರಲ್ಲಿ ಆರು ಗುರಿ ಎಂದರೆ ತರಗತಿಗೆ 54. ಪ್ರತಿ ಗುರಿಗೂ ದಿನಕ್ಕೆ ಐದು ಪ್ರಯತ್ನ, ಪ್ರತಿ ಪ್ರಯತ್ನಕ್ಕೂ ಒಂದು ಗುರುತು: ತಾನಾಗಿ ಮಾಡಿತೇ, ಹೇಳಿದ ಮೇಲೆ ಮಾಡಿತೇ, ಕೈ ಹಿಡಿದು ಮಾಡಿಸಬೇಕಾಯಿತೇ. ದಿನಕ್ಕೆ 270 ಗುರುತುಗಳು. ಇದರ ನಡುವೆ ಒಬ್ಬಳಿಗೆ ಫಿಟ್ಸ್ ಬಂದರೆ ಗಡಿಯಾರ ನೋಡಿಕೊಂಡು, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಐದು ನಿಮಿಷ ಮೀರುತ್ತದೆಯೇ ಎಂದು ಎಣಿಸುತ್ತಾ ಕೂರಬೇಕು. ಅತ್ತ ಇನ್ನೊಬ್ಬ ಬಾಗಿಲ ಕಡೆ ಓಡುತ್ತಿರುತ್ತಾನೆ. ಗಾಲಿಕುರ್ಚಿಯಿಂದ ಎತ್ತಿ ಇಳಿಸಿ ನನ್ನ ಸೊಂಟ ಎಂದೋ ಕೈಕೊಟ್ಟಿತ್ತು. ಅದನ್ನು ನಾವು ಯಾರೂ ದೂರು ಎಂದೇ ಲೆಕ್ಕಕ್ಕೆ ಇಡುವುದಿಲ್ಲ.

ಆದರೆ ಇವ್ಯಾವೂ ಹೊಸದಾಗಿರಲಿಲ್ಲ. ಹೊಸದಾಗಿದ್ದದ್ದು ನಾನು. ಬೆಳಿಗ್ಗೆ ಎಚ್ಚರವಾದ ಕೂಡಲೇ ಇವತ್ತು ಯಾವ ಮಗು ಬರದಿದ್ದರೆ ದಿನ ಸಲೀಸು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಒಮ್ಮೆ ಒಬ್ಬ ತಾಯಿ "ಮಗುವಿಗೆ ಜ್ವರ, ಎರಡು ದಿನ ಬರುವುದಿಲ್ಲ" ಎಂದು ಸಂದೇಶ ಕಳಿಸಿದಾಗ ನನಗೆ ಹಾಯೆನಿಸಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಯೆನಿಸಿದ್ದು ನಿಜ. ಮಕ್ಕಳನ್ನು ಹೆಸರಿನಿಂದಲ್ಲದೆ "ಆ ಕಚ್ಚುವವನು", "ಆ ಡಯಾಪರ್ ಕೇಸ್" ಎಂದು ಮನಸ್ಸಿನಲ್ಲೇ ಕರೆಯತೊಡಗಿದ್ದೆ. ಹೊಸಬರು ಯಾರಾದರೂ ಹಾಗೆ ಮಾತನಾಡಿದರೆ ನಾನೇ ಗದರಿಸುತ್ತಿದ್ದ ಕಾಲವಿತ್ತು.

ಮನೆಯಲ್ಲಿ ಇನ್ನೊಂದು ಬಗೆ. ತರಗತಿಯ ಮಕ್ಕಳೊಡನೆ ನಾವು ಉದ್ದುದ್ದ ವಾಕ್ಯ ಆಡುವುದಿಲ್ಲ. "ಕೈ ಕೆಳಗೆ." "ಮೊದಲು ಬರಹ, ಆಮೇಲೆ ಆಟ." ದನಿಯಲ್ಲಿ ಏರಿಳಿತವಿರಬಾರದು, ಸಿಟ್ಟು ಕಾಣಬಾರದು. ಆ ದನಿ ನನ್ನ ಗಂಟಲಿನಲ್ಲೇ ಮನೆ ಮಾಡಿತ್ತು. ಒಂದು ರಾತ್ರಿ ಮಗಳಿಗೆ "ಮೊದಲು ಬ್ಯಾಗ್, ಆಮೇಲೆ ಮೊಬೈಲ್" ಎಂದೆ. ಅವಳು ಸುಮ್ಮನೆ ನನ್ನನ್ನೇ ನೋಡಿ, "ನಾನು ನಿನ್ನ ಕ್ಲಾಸಿನ ಮಗು ಅಲ್ಲ, ಅಮ್ಮಾ" ಎಂದಳು. ನನಗೆ ಆಗ ಬಂದದ್ದು ಬೇಸರವಲ್ಲ. "ಅವಳ ಮಾತಿಗೆ ಪ್ರತಿಕ್ರಿಯೆ ಕೊಡಬಾರದು, ಕೊಟ್ಟರೆ ವರ್ತನೆ ಗಟ್ಟಿಯಾಗುತ್ತದೆ" ಎಂಬ ಯೋಚನೆ. ಹೆತ್ತ ಮಗಳ ಬಗ್ಗೆ!

ಯಾರಿಗಾದರೂ ಹೇಳಿಕೊಳ್ಳಬಹುದಿತ್ತಲ್ಲ ಎಂದರೆ, ಈ ಕೆಲಸದಲ್ಲಿರುವವರನ್ನು ಹೇಳಿಕೊಳ್ಳದಂತೆ ಮಾಡುವುದು ಬೈಗುಳವಲ್ಲ, ಹೊಗಳಿಕೆ. "ನಿಮ್ಮದು ದೇವರ ಕೆಲಸ", "ನಿಮ್ಮ ತಾಳ್ಮೆಗೆ ಕೈ ಮುಗಿಯಬೇಕು" ಎಂದು ಹೇಳುವವರಿಗೆ ಕೊರತೆಯಿಲ್ಲ. ಅವರ ಮನಸ್ಸು ಒಳ್ಳೆಯದೇ. ಆದರೆ ದೇವರ ಸ್ಥಾನದಲ್ಲಿ ಕೂರಿಸಿದ ಮೇಲೆ "ನನಗೆ ಇನ್ನೊಬ್ಬ ಸಹಾಯಕಿ ಬೇಕು" ಎಂದು ಅರ್ಜಿ ಬರೆಯುವುದು ಹೇಗೆ? ನಾನು ಹಿಂದೆ ಮೂರು ಸಲ ಬರೆದಿದ್ದೆ. ಮೊದಲನೆಯದಕ್ಕೆ "ನೋಡೋಣ" ಎಂಬ ಉತ್ತರ ಬಂತು, ಎರಡನೆಯದಕ್ಕೆ ಅದೂ ಇಲ್ಲ. ಮೂರನೆಯದನ್ನು ಬರೆದ ಮೇಲೆ ಸಂಸ್ಥೆಯವರು ಎಲ್ಲ ಶಿಕ್ಷಕರನ್ನು ಸಭಾಂಗಣದಲ್ಲಿ ಕೂರಿಸಿ ಒತ್ತಡ ನಿರ್ವಹಣೆಯ ಬಗ್ಗೆ ಮೂರು ಗಂಟೆ ಉಪನ್ಯಾಸ ಏರ್ಪಡಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಉಪನ್ಯಾಸಕ್ಕೆ ಹೋದ ಮೂರು ಗಂಟೆಯ ದಾಖಲೆ ಕೆಲಸವನ್ನು ಅವತ್ತು ರಾತ್ರಿ ಮನೆಯಲ್ಲಿ ಕುಳಿತು ಮುಗಿಸಿದೆ.

ಜಿಪ್ಪಿನ ಘಟನೆಯಾದ ವಾರ ವೈದ್ಯರ ಬಳಿ ಹೋದೆ. ನಿಜ ಹೇಳಬೇಕೆಂದರೆ ಯಾವುದಾದರೂ ರೋಗದ ಹೆಸರು ಸಿಗಲಿ ಎಂಬ ಆಸೆಯಿತ್ತು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಎಲ್ಲವನ್ನೂ ಪರೀಕ್ಷಿಸಿದರು. ಎಲ್ಲವೂ ಸರಿಯಾಗಿತ್ತು. ನಿದ್ದೆ, ಹಸಿವು, ಬದುಕು ಸಾಕೆನಿಸುವುದು ಇವುಗಳ ಬಗ್ಗೆ ಬಹಳ ಹೊತ್ತು ಕೇಳಿದರು. ರಜೆಯ ದಿನ ಹೇಗಿರುತ್ತೀರಿ ಎಂದು ಕೇಳಿದ್ದು ನೆನಪಿದೆ. "ದೀರ್ಘ ರಜೆಯ ಕೊನೆಯ ವಾರದವರೆಗೆ ಸರಿಯಾಗಿರುತ್ತೇನೆ" ಎಂದೆ. ಖಿನ್ನತೆಯೂ ಬಳಲಿಕೆಯೂ ಒಂದರ ಮೇಲೊಂದು ಹಬ್ಬಿಕೊಳ್ಳಬಹುದು, ಈಗಿನ ಮಟ್ಟಿಗೆ ನಿಮ್ಮದು ಕೆಲಸಕ್ಕೆ ಅಂಟಿಕೊಂಡಂತೆ ಕಾಣುತ್ತದೆ ಎಂದು ಹೇಳಿ ಆಪ್ತಸಮಾಲೋಚಕರ ಬಳಿ ಕಳಿಸಿದರು.

ಬರ್ನ್‌ಔಟ್ ಎಂಬ ಪದ ನನಗೆ ಗೊತ್ತಿತ್ತು. ಅದು ಕಚೇರಿಗಳಲ್ಲಿ ರಾತ್ರಿಯೆಲ್ಲ ಕೂರುವ ದೊಡ್ಡ ಸಂಬಳದವರಿಗೆ ಬರುವ ಕಾಯಿಲೆ ಎಂದುಕೊಂಡಿದ್ದೆ. ಸಮಾಲೋಚಕರು ಹೇಳಿದ್ದು ಬೇರೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಈ ಪದವನ್ನಿಟ್ಟು ಲೇಖನ ಬರೆದದ್ದು ಉಚಿತ ಚಿಕಿತ್ಸಾಲಯಗಳಲ್ಲಿ ದುಡಿಯುತ್ತಿದ್ದವರನ್ನು ನೋಡಿಯಂತೆ. ಅವರಲ್ಲಿ ಆ ಲೇಖಕರೂ ಒಬ್ಬರು. ಅಂದರೆ ಸೇವೆ ಎಂದು ಹೊರಟವರೇ ಈ ಪದದ ಮೊದಲ ಹಕ್ಕುದಾರರು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಿದೆ, ಅದರಲ್ಲಿ ಬರ್ನ್‌ಔಟ್ ರೋಗವಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ. ಕೆಲಸದ ಜಾಗದಲ್ಲಿ ಬಹುಕಾಲ ಇದ್ದು, ಸರಿಯಾಗಿ ನಿಭಾಯಿಸಲ್ಪಡದ ಒತ್ತಡದ ಫಲ ಎಂಬುದು ಅಲ್ಲಿನ ವ್ಯಾಖ್ಯೆಯ ತಿರುಳು. ಯಾರು ನಿಭಾಯಿಸಬೇಕಿತ್ತು ಎಂದು ಮಾತ್ರ ಆ ವಾಕ್ಯ ಹೇಳುವುದಿಲ್ಲ. ಮೇಷ್ಟರ ಬುದ್ಧಿ, ವಾಕ್ಯದಲ್ಲಿ ಕರ್ತೃ ಕಾಣದಿದ್ದರೆ ಹುಡುಕುತ್ತದೆ.

ಸಮಾಲೋಚಕರು ಕೊಟ್ಟ ಪ್ರಶ್ನಾವಳಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸುಸಾನ್ ಜಾಕ್ಸನ್ 1981ರಲ್ಲಿ ರೂಪಿಸಿದ್ದು. 22 ಹೇಳಿಕೆಗಳು, ಪ್ರತಿಯೊಂದಕ್ಕೂ ಸೊನ್ನೆಯಿಂದ ಆರರವರೆಗೆ ಅಂಕ. ಎಂದೂ ಇಲ್ಲದಿದ್ದರೆ ಸೊನ್ನೆ, ದಿನವೂ ಹಾಗೆನಿಸಿದರೆ ಆರು. ಅದು ಮೂರನ್ನು ಬೇರೆ ಬೇರೆಯಾಗಿ ಅಳೆಯುತ್ತದೆ: ಭಾವನೆಗಳು ಬತ್ತಿಹೋಗಿರುವುದು, ಎದುರಿಗಿರುವವರನ್ನು ಮನುಷ್ಯರಂತೆ ಕಾಣದಿರುವುದು, ಮಾಡಿದ್ದರಲ್ಲಿ ಸಾರ್ಥಕತೆ ಕಾಣದಿರುವುದು. ಮೊದಲ ಗುಂಪಿಗೆ ಕಣ್ಣು ಮುಚ್ಚಿ ಐದು, ಆರು ಬರೆದೆ. ದಣಿದಿದ್ದೇನೆ ಎಂದು ಒಪ್ಪಿಕೊಳ್ಳುವುದರಲ್ಲಿ ಅವಮಾನವಿಲ್ಲ, ಒಂದಿಷ್ಟು ಹೆಮ್ಮೆಯೂ ಇದೆ. ಎರಡನೆಯ ಗುಂಪಿನಲ್ಲಿ, ಮಕ್ಕಳ ಬಗ್ಗೆ ಮನಸ್ಸು ಕಲ್ಲಾಗಿದೆಯೇ ಎಂಬ ಧಾಟಿಯ ಮಾತುಗಳಿಗೆ ಸಾಲಾಗಿ ಸೊನ್ನೆ ಹಾಕಿದೆ. ಕಾಗದ ವಾಪಸು ಕೊಡಲು ಕೈ ಚಾಚಿದವಳು, ಜ್ವರದ ಸಂದೇಶ ನೆನಪಾಗಿ ಮತ್ತೆ ಕುಳಿತು ಅವನ್ನೆಲ್ಲ ತಿದ್ದಿದೆ. ಈ ಪ್ರಶ್ನಾವಳಿ ರೋಗ ಪತ್ತೆಯ ಉಪಕರಣವಲ್ಲ, ಮಾತು ಶುರುಮಾಡಲು ಮಾತ್ರ ಎಂದು ಅವರು ಮೊದಲೇ ಹೇಳಿದ್ದರು. ನನ್ನ ಮಟ್ಟಿಗೆ ಮಾತು ಶುರುವಾದದ್ದು ಅಂಕಗಳಿಂದಲ್ಲ, ಆ ತಿದ್ದುಗಳಿಂದ.

"ಒಂದು ಮಗು ದಿನಾ ಕಚ್ಚುತ್ತದೆ ಎಂದರೆ ನೀವು ಮೊದಲು ಏನು ಮಾಡುತ್ತೀರಿ?" ಎಂದು ಅವರು ಕೇಳಿದರು.

ಮೂರು ಅಂಕಣ ಹಾಕುತ್ತೇವೆ ಎಂದೆ. ಕಚ್ಚುವ ಮೊದಲು ಏನಾಯಿತು, ಏನು ಮಾಡಿತು, ಮಾಡಿದ ಮೇಲೆ ಅದಕ್ಕೆ ಏನು ಸಿಕ್ಕಿತು. ಎರಡು ವಾರ ಬರೆದರೆ ಕಾರಣ ತಾನಾಗಿ ಕಾಣುತ್ತದೆ, ಮತ್ತು ಅದು ಬಹುಪಾಲು ನಾವು ಅಂದುಕೊಂಡದ್ದಾಗಿರುವುದಿಲ್ಲ.

"ನಿಮ್ಮದನ್ನು ಬರೆದಿದ್ದೀರಾ?"

ಸಣ್ಣ ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆದೆ. ಎದೆ ಬಿಗಿಯಾದಾಗ, ದವಡೆ ಕಚ್ಚಿಕೊಂಡಾಗ, ಓಡಿಹೋಗಬೇಕೆನಿಸಿದಾಗ, ಏನೂ ಅನಿಸದೆ ಮರಗಟ್ಟಿದಾಗ, ಪ್ರತಿ ಸಲವೂ ಮೂರು ಅಂಕಣ. ಒಟ್ಟು 41 ದಾಖಲೆಗಳಾದವು. ನಾನು ನಿರೀಕ್ಷಿಸಿದ್ದು ಕಚ್ಚಾಟ, ಕಿರುಚಾಟ, ಹೊಡೆತ. ಅಂಥವು ಐದೇ ಐದು ಇದ್ದವು. ಹದಿನಾಲ್ಕು ಫೈಲು ಮತ್ತು ಗುರುತುಗಳಿಗೆ ಸಂಬಂಧಿಸಿದವು, ಅದರಲ್ಲೂ ಹೆಚ್ಚಿನವು ಮಧ್ಯಾಹ್ನ ಮೂರೂವರೆಗೆ ಮಕ್ಕಳು ಹೊರಟ ಮೇಲಿನವು. ಒಂಬತ್ತು, ಕೆಲಸದ ವೇಳೆ ಮುಗಿದ ಮೇಲೆ ಪೋಷಕರಿಂದ ಬಂದ ಸಂದೇಶ ಮತ್ತು ಕರೆಗಳು. ಏಳು, ನನ್ನನ್ನು ಕೇಳದೆ ನನ್ನ ತರಗತಿಯ ಬಗ್ಗೆ ಯಾರೋ ಮಾಡಿದ ತೀರ್ಮಾನಗಳು: ವೇಳಾಪಟ್ಟಿ ಬದಲಾವಣೆ, ಥೆರಪಿಯ ಅವಧಿ ರದ್ದು. ಉಳಿದ ಆರು ಚಿಲ್ಲರೆ.

ಇನ್ನೂ ವಿಚಿತ್ರವಾದದ್ದೊಂದಿತ್ತು. ಕಚ್ಚಿಸಿಕೊಂಡ ದಿನಗಳಲ್ಲಿ ನಾನು ಚೆನ್ನಾಗಿಯೇ ನಿದ್ದೆ ಮಾಡಿದ್ದೆ. ಮೂರನೆಯ ಅಂಕಣ ನೋಡಿದಾಗ ಕಾರಣ ತಿಳಿಯಿತು. ಕಚ್ಚಿದ ಗಾಯ ತೊಳೆದು ಮುಲಾಮು ಹಚ್ಚುವಾಗ ಸಹಾಯಕಿ ಪಕ್ಕದಲ್ಲಿ ಕುಳಿತು, "ಇವತ್ತು ಅವನಿಗೆ ಏನಾಗಿತ್ತು ಮೇಡಂ?" ಎನ್ನುತ್ತಿದ್ದರು. ಇಬ್ಬರೂ ಹತ್ತು ನಿಮಿಷ ಮಾತನಾಡುತ್ತಿದ್ದೆವು, ಕೆಲವೊಮ್ಮೆ ನಗುತ್ತಿದ್ದೆವು. ಫೈಲಿನ ಹದಿನಾಲ್ಕು ದಾಖಲೆಗಳಲ್ಲಿ ಮೂರನೆಯ ಅಂಕಣದಲ್ಲಿ ಒಬ್ಬ ಮನುಷ್ಯರೂ ಇರಲಿಲ್ಲ. ಆ ಗುರುತುಗಳನ್ನು ಯಾರೂ ಓದುತ್ತಿರಲಿಲ್ಲ, ತಪಾಸಣೆಗೆ ಬಂದವರು ಪುಟಗಳು ತುಂಬಿವೆಯೇ ಎಂದಷ್ಟೇ ನೋಡುತ್ತಿದ್ದರು. ಮಗು ಕಲಿತ ಕ್ಷಣದಲ್ಲೂ ನಾನು ತಲೆ ತಗ್ಗಿಸಿ ಗುರುತು ಹಾಕುತ್ತಿರುತ್ತಿದ್ದೆ. ದಾಖಲೆ ಬೇಡವೆಂದು ನಾನು ಹೇಳುವುದಿಲ್ಲ. ಬರೆಯದಿದ್ದರೆ ನಮ್ಮ ಮಕ್ಕಳ ಕಲಿಕೆ ಕಣ್ಣಿಗೆ ಕಾಣಿಸದಷ್ಟು ನಿಧಾನ, ಅದು ನನಗೂ ಗೊತ್ತು. ಆದರೆ ಬರೆದದ್ದನ್ನು ಓದಿ ನಾಳೆಯ ಪಾಠವನ್ನು ಬದಲಿಸಬೇಕಾದವಳು ನಾನು. ಬರೆಯುವುದರಲ್ಲೇ ನಾಳೆ ಬಂದುಬಿಡುತ್ತಿತ್ತು.

ಪೋಷಕರ ಸಂದೇಶಗಳ ಬಗ್ಗೆ ಬರೆಯುವುದು ಕಷ್ಟ, ಏಕೆಂದರೆ ಅವರ ತಪ್ಪೇನಿಲ್ಲ. ರಾತ್ರಿ ಹನ್ನೊಂದಕ್ಕೆ "ಟೀಚರ್, ಮಲಗಿದಿರಾ?" ಎಂದು ಬರುವ ಸಂದೇಶದ ಹಿಂದೆ ನಿದ್ದೆಯಿಲ್ಲದ ಮನೆಯೊಂದಿರುತ್ತದೆ. ಒಬ್ಬ ತಂದೆ ಮಗನನ್ನು ಕರೆದೊಯ್ಯಲು ಬಂದಾಗಲೆಲ್ಲ ಪಡಸಾಲೆಯಲ್ಲಿ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದರು: "ನಮ್ಮ ನಂತರ ಇವನನ್ನು ಯಾರು ನೋಡಿಕೊಳ್ಳುತ್ತಾರೆ?" ಈ ಕೆಲಸದಲ್ಲಿರುವ ಪ್ರತಿಯೊಬ್ಬರೂ ಈ ಪ್ರಶ್ನೆಯನ್ನು ಕೇಳಿರುತ್ತಾರೆ, ಬಹುಶಃ ನೂರು ಸಲ. ನಾನು ಪ್ರತಿ ಸಲವೂ ಏನಾದರೂ ಹೇಳುತ್ತಿದ್ದೆ. ಸ್ವಾವಲಂಬನೆ ಕಲಿಸುತ್ತಿದ್ದೇವೆ, ತರಬೇತಿ ಕೇಂದ್ರಗಳಿವೆ, ಧೈರ್ಯವಾಗಿರಿ. ಹೇಳಿ, ಮನೆಗೆ ಬಂದು, ಅವನಿಗೆ ಜಿಪ್ ಬಂದರೆ ಆ ಪ್ರಶ್ನೆಯ ಭಾರ ಎಷ್ಟು ಕಡಿಮೆಯಾದೀತು ಎಂದು ಲೆಕ್ಕ ಹಾಕುತ್ತಿದ್ದೆ. ಹೌದು, ಅವರು ಜಿಪ್ ಕಲಿತ ಹುಡುಗನ ತಂದೆ. ನನಗೆ ಖುಷಿಯಾಗದಿದ್ದುದಕ್ಕೆ ಇದೂ ಒಂದು ಕಾರಣ ಎಂದು ಈಗ ಅನಿಸುತ್ತದೆ. ಆ ಪ್ರಶ್ನೆಯ ಪಕ್ಕದಲ್ಲಿಟ್ಟರೆ ಜಿಪ್ ಯಾವ ಲೆಕ್ಕ? ಸಮಾಲೋಚಕರ ಮುಂದೆ ನಾನು ಅತ್ತದ್ದು ಒಂದೇ ಸಲ, ಅದು ಈ ಮಾತು ಹೇಳುವಾಗ.

ನಮ್ಮ ಮಾತಿಲ್ಲದ ಮಕ್ಕಳಿಗೆ ಕಚ್ಚುವ ಬದಲು "ವಿರಾಮ" ಎಂಬ ಚಿತ್ರದ ಕಾರ್ಡ್ ಕೊಡುವುದನ್ನು ಕಲಿಸುತ್ತೇವೆ. ಹೊಸ ಶಿಕ್ಷಕರು ಇಲ್ಲೊಂದು ತಪ್ಪು ಮಾಡುತ್ತಾರೆ: ಮಗು ಕಾರ್ಡ್ ಕೊಟ್ಟಾಗ "ಇದೊಂದು ಮುಗಿಸಿಬಿಡು, ಆಮೇಲೆ ವಿರಾಮ" ಎನ್ನುತ್ತಾರೆ. ಶುರುವಿನಲ್ಲಿ ಹಾಗೆ ಮಾಡಕೂಡದು. ಕಾರ್ಡ್ ಕೈಗೆ ಬಂದ ಕ್ಷಣವೇ ವಿರಾಮ ಸಿಗಬೇಕು, ಇಲ್ಲದಿದ್ದರೆ ಮಗು ಕಾರ್ಡನ್ನು ಎಸೆದು ಮತ್ತೆ ಹಲ್ಲಿಗೇ ಮರಳುತ್ತದೆ. ನನ್ನ ಮೂರು ಅರ್ಜಿಗಳನ್ನು ನಾನು ಈ ಲೆಕ್ಕದಲ್ಲಿ ನೋಡಿದೆ. ನಾನು ಕಚ್ಚಲಿಲ್ಲ, ಕಲ್ಲಾದೆ. ಕಾಗದದಲ್ಲಿ ಅದು ಸಮಸ್ಯೆಯ ವರ್ತನೆ ಎಂದು ದಾಖಲಾಗುವುದಿಲ್ಲ, ಅಷ್ಟೇ ವ್ಯತ್ಯಾಸ.

ವೈದ್ಯರ ಪತ್ರದ ಮೇಲೆ ಆರು ವಾರ ರಜೆ ತೆಗೆದುಕೊಂಡೆ. ರಜೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮೊದಲ ಹತ್ತು ದಿನ ನಿದ್ದೆಯಲ್ಲೂ ಗುರುತು ಹಾಕುತ್ತಿದ್ದೆ. ತಪ್ಪಿತಸ್ಥ ಭಾವನೆ ಎಷ್ಟಿತ್ತೆಂದರೆ ಸಹಾಯಕಿಗೆ ದಿನಾ ಫೋನ್ ಮಾಡುತ್ತಿದ್ದೆ. ನಾಲ್ಕನೆಯ ದಿನ ಅವರೇ "ನೀವು ಹೀಗೆ ಫೋನ್ ಮಾಡಿದರೆ ನನಗೂ ರಜೆ ಬೇಕಾಗುತ್ತದೆ ಮೇಡಂ" ಎಂದ ಮೇಲೆ ಬಿಟ್ಟೆ. ನಾಲ್ಕನೆಯ ವಾರದಲ್ಲಿ ಮಗಳೊಡನೆ ಉದ್ದ ವಾಕ್ಯಗಳಲ್ಲಿ ಜಗಳವಾಡಿದೆ. ಐದನೆಯ ವಾರದಲ್ಲಿ ಮತ್ತೆ ಎದೆ ಬಿಗಿಯತೊಡಗಿತು, ಏಕೆಂದರೆ ವಾಪಸು ಹೋಗಬೇಕಾದ ಜಾಗ ಇದ್ದಂತೆಯೇ ಇತ್ತು.

ಆರನೆಯ ವಾರ ನೋಟ್‌ಬುಕ್ ಹಿಡಿದುಕೊಂಡು ಮುಖ್ಯೋಪಾಧ್ಯಾಯಿನಿಯವರ ಬಳಿ ಹೋದೆ. ದಣಿವಾಗಿದೆ ಎಂದು ಹೇಳಲಿಲ್ಲ, ಅದನ್ನು ಹೇಳಿ ಪ್ರಯೋಜನವಿಲ್ಲವೆಂದು ಗೊತ್ತಿತ್ತು. 41 ದಾಖಲೆಗಳ ಲೆಕ್ಕವನ್ನು ಮುಂದಿಟ್ಟೆ. ಮೂರು ವಿಷಯ ಕೇಳಿದೆ. ಎಲ್ಲ ಗುರಿಗಳಿಗೂ ದಿನವೂ ಗುರುತು ಹಾಕುವ ಬದಲು ಪ್ರತಿ ಮಗುವಿನ ಎರಡು ಗುರಿಗಳನ್ನು ದಿನಕ್ಕೊಮ್ಮೆ ಸರದಿಯಂತೆ ಪರೀಕ್ಷಿಸಿ ಬರೆಯುವುದು. ಪೋಷಕರ ಸಂದೇಶಗಳಿಗೆ ಶಾಲೆಯದೇ ಒಂದು ಸಂಖ್ಯೆ, ಅದಕ್ಕೊಂದು ಹೊತ್ತು. ಇನ್ನೊಬ್ಬ ಸಹಾಯಕಿ. ಅವರು ಬಹಳ ಹೊತ್ತು ಹಾಳೆ ತಿರುವಿದರು. "ನನ್ನದನ್ನು ಬರೆದರೆ ಈ ನೋಟ್‌ಬುಕ್ ಸಾಲದು" ಎಂದರು. ಅವರೂ ಹಿಂದೆ ವಿಶೇಷ ಶಿಕ್ಷಕಿಯಾಗಿದ್ದವರು, ನಾನು ಮರೆತೇಬಿಟ್ಟಿದ್ದೆ. ಮೊದಲನೆಯದಕ್ಕೆ ಆಗಲೇ ಒಪ್ಪಿದರು. ಎರಡನೆಯದು ಒಂದು ತಿಂಗಳ ಮೇಲೆ ಜಾರಿಗೆ ಬಂತು, ಇಬ್ಬರು ಪೋಷಕರು ಬೇಸರಿಸಿಕೊಂಡರು, ಅವರಲ್ಲೊಬ್ಬರು ಇಂದಿಗೂ ನನ್ನೊಡನೆ ಸರಿಯಾಗಿ ಮಾತನಾಡುವುದಿಲ್ಲ. ಸಹಾಯಕಿ ಇನ್ನೂ ಬಂದಿಲ್ಲ. ಕೇಳದಿದ್ದರೂ ಸಿಕ್ಕದ್ದೊಂದು: ಮೂರೂವರೆಗೆ ಪಕ್ಕದ ತರಗತಿಯ ಶಿಕ್ಷಕಿ ತಮ್ಮ ಫೈಲುಗಳನ್ನು ಎತ್ತಿಕೊಂಡು ನನ್ನ ಮೇಜಿಗೆ ಬಂದು ಕೂರತೊಡಗಿದರು. ಬರೆಯುವ ವೇಗ ಅರ್ಧಕ್ಕಿಳಿದಿದೆ. ಪರವಾಗಿಲ್ಲ, ಬರೆಯಬೇಕಾದದ್ದೂ ಅರ್ಧಕ್ಕಿಂತ ಕಡಿಮೆಯಾಗಿದೆ.

ತಂದೆಯವರ ಪ್ರಶ್ನೆಗೆ ಈಗ "ನನಗೆ ಗೊತ್ತಿಲ್ಲ" ಎನ್ನುತ್ತೇನೆ. ಮೊದಲ ಸಲ ಹಾಗೆಂದಾಗ ಅವರು ಹೋಗಲಿಲ್ಲ, ಅಲ್ಲೇ ಬೆಂಚಿನ ಮೇಲೆ ಕುಳಿತರು. ನಾನೂ ಕುಳಿತೆ.

ವಾಪಸಾದ ದಿನ ಆ ಹುಡುಗ ಮೊದಲ ಅರ್ಧ ಗಂಟೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮನೆಗೆ ಹೊರಡುವ ಹೊತ್ತಿಗೆ ಅವನ ಜಾಕೆಟ್ ಕೈಗೆ ಕೊಟ್ಟೆ. ಅವನು ಅಂಚುಗಳನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು, ಕೊನೆಗೆ ಎರಡನ್ನೂ ತಂದು ನನ್ನ ಕೈಯಲ್ಲಿಟ್ಟ. ಮರೆತಿದ್ದ. ಆರು ವಾರದಲ್ಲಿ ಏಳಕ್ಕೆ ಏಳೂ ಹೆಜ್ಜೆ ಹೋಗಿದ್ದವು. ನನ್ನ ಜಾಗಕ್ಕೆ ಬಂದಿದ್ದವರು ಸಮಯವಿಲ್ಲವೆಂದು ತಾವೇ ಎಳೆದು ಕಳಿಸುತ್ತಿದ್ದರಂತೆ. ಎಂಟು ತಿಂಗಳು! ನನಗೆ ಕೆಂಡದಂಥ ಸಿಟ್ಟು ಬಂತು. ಅವರ ಮೇಲೆ, ರಜೆ ಹಾಕಿದ ನನ್ನ ಮೇಲೆ, "ಸಾಧಿಸಲಾಗಿದೆ" ಎಂದು ಬರೆದ ಆ ಸಾಲಿನ ಮೇಲೆ. ಸಹಾಯಕಿ ನನ್ನ ಮುಖ ನೋಡಿ, "ಬೈದುಬಿಡಿ ಮೇಡಂ, ಇಲ್ಲಿ ಯಾರೂ ಇಲ್ಲ" ಎಂದರು. ನನಗೆ ನಗು ಬಂತು. ಬಹಳ ದಿನದ ಮೇಲೆ ಆ ಕೋಣೆಯೊಳಗೆ ನನಗೆ ಏನೋ ಒಂದು ಅನಿಸಿತ್ತು.

ಅಂಚುಗಳನ್ನು ಸೇರಿಸಿ, ತುದಿ ಇಳಿಸಿ, ಎದೆಯವರೆಗೆ ಎಳೆದು ತಂದೆ. ಕೊನೆಯ ಎರಡು ಅಂಗುಲ ಬಿಟ್ಟು ಕೈ ತೆಗೆದೆ.